ನೀರಿನಿಂದ ಕಣ್ಣು ತೆಗೆಯದವನು

"ಬಿಡ್ರೀ ನನ್ನ! ಬಿಡ್ರೀ ಅಂದ್ರೆ!"

ಅವಳು ಕೈಕಾಲು ಬಡಿದಳು. ಹಿಂದಿನಿಂದ ತೋಳಡಿ ಕೈ ತೂರಿಸಿ ಹಿಡಿದವನು ಬಿಡಲಿಲ್ಲ. ದಡದ ಕಡೆಗೆ ಸರಸರ ಎಳೆದುಕೊಂಡು ಹೊರಟ. ಕೊನೆಗೆ ಅವಳ ಮೊಣಕೈ ಹೋಗಿ ಅವನ ಮೂಗಿಗೆ ಬಡಿಯಿತು.

ದಡ ಸೇರಿದಾಗ ಕಾಪಾಡಿಸಿಕೊಂಡವಳಿಗೆ ಒಂದು ಗೀರೂ ಇರಲಿಲ್ಲ. ಕಾಪಾಡಿದವನ ಮೂಗಿನಿಂದ ರಕ್ತ ಸೋರುತ್ತಿತ್ತು!

"ತಲೆಗಿಲೆ ಕೆಟ್ಟಿದ್ಯಾ ನಿಮ್ಗೆ? ನಾನೇನು ಮುಳುಗ್ತಾ ಇದ್ನಾ?"

"ಮುಖ ಕೆಳಗೆ ಹಾಕಿ ಅಲ್ಲಾಡದೆ ತೇಲ್ತಾ ಇದ್ರಿ. ಸೀಟಿ ಊದಿದೆ. ಊದ್ತಾನೇ ಇದ್ದೆ. ನೀವು ತಲೆ ಎತ್ತಲಿಲ್ಲ."

"ಸುಮ್ನೆ ಇದ್ದೆ ಕಣ್ರೀ! ಸುಮ್ನೆ ಇರೋದೂ ತಪ್ಪಾ?"

ಅವನು ಆ ಕೆರೆಯ ಲೈಫ್‌ಗಾರ್ಡ್. ಸಮವಸ್ತ್ರ ತೊಟ್ಟೇ ನೀರಿಗೆ ಹಾರಿದ್ದ, ಒಂದು ಚಪ್ಪಲಿ ಕೆರೆಯ ಪಾಲಾಗಿತ್ತು. ಬೈಯುತ್ತಾನೆ ಎಂದು ಅವಳು ಸಜ್ಜಾಗಿ ನಿಂತರೆ, ಅವನು ಅವಳ ಮುಖವನ್ನೇ ನೋಡುತ್ತಾ ಮೆಲ್ಲಗೆ ಕೇಳಿದ.

"ಯಾರ ಜೊತೆ ಬಂದಿದ್ದೀರಿ?"

ಆ ಮೆತ್ತಗಿನ ದನಿಗೆ ಅವಳ ಸಿಟ್ಟು ಇನ್ನಷ್ಟು ಏರಿತು. "ಅಕ್ಕ-ಭಾವನ ಜೊತೆ. ಅವರನ್ನೂ ಎಳ್ಕೊಂಡು ಬರ್ತೀರಾ?" ಎಂದವಳೇ ಸೈಕಲ್ ಹತ್ತಿ ಹೊರಟುಬಿಟ್ಟಳು.

ಮನೆಯಲ್ಲಿ ಅವಳಿಗೆ ಚಡಪಡಿ ಎಂದೇ ಹೆಸರು. ಕೂತಲ್ಲಿ ಕೂರುವವಳಲ್ಲ. ವಿದ್ಯುತ್ ಕಚೇರಿಯಲ್ಲಿ ದೂರು ಕೇಳುವ ಫೋನಿನ ಕೆಲಸ. ಕರೆಂಟ್ ಹೋದವರೆಲ್ಲ ಮೊದಲು ಬೈಯುವುದು ಅವಳನ್ನೇ. ಮನೆಗೆ ಬಂದು ಮಲಗಿದರೂ ಕಿವಿಯಲ್ಲಿ ಆ ಬೈಗುಳ ನಿಲ್ಲುತ್ತಿರಲಿಲ್ಲ. ನೀರಿನೊಳಗೆ ಮುಖ ಅದ್ದಿದಾಗ ಮಾತ್ರ ಲೋಕ ಬಾಯಿ ಮುಚ್ಚುತ್ತಿತ್ತು.

ಈಗ ಅದರ ಮೇಲೆ ಇನ್ನೊಂದು ಗೋಳು... ಮದುವೆ! ಭಾವನ ಸ್ನೇಹಿತನ ತಮ್ಮ, ಹಲ್ಲಿನ ಡಾಕ್ಟರು. ಕೆರೆಗಳ ಈ ಸೀಮೆಯಲ್ಲಿ ಒಂದು ವಾರ ಈಜಾಡಿ, ಸುತ್ತಾಡಿ, ಹೊರಡುವ ದಿನ ಅವನಿಗೆ ಉತ್ತರ ಹೇಳಬೇಕೆಂದು ಅಕ್ಕ ಕರೆತಂದಿದ್ದಳು. ಹುಡುಗ ಒಳ್ಳೆಯವನು, ಮನೆಯವರೂ ಒಳ್ಳೆಯವರು. ಎಷ್ಟು ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ.

'ಮತ್ತೆ ಹೂಂ ಅನ್ನೋಕೆ ನಾಲಿಗೆ ಯಾಕೆ ಏಳ್ತಿಲ್ಲ?'

ಅದಕ್ಕೇ ಬಾಡಿಗೆ ಸೈಕಲ್ ತೆಗೆದುಕೊಂಡು ಕೆರೆಯಿಂದ ಕೆರೆಗೆ ಅಲೆಯುತ್ತಿದ್ದಳು. ಇಲ್ಲಿ ಇಳಿದರೆ ಅಲ್ಲಿಯ ನೀರು ತಿಳಿಯಾಗಿರಬಹುದು ಅನ್ನಿಸುವುದು. ಅಲ್ಲಿಗೆ ಹೋದರೆ ಇಲ್ಲಿಯದೇ ವಾಸಿ ಅನ್ನಿಸುವುದು.

ಮರುದಿನ ಸಂಜೆ ಅವಳು ಕೆರೆ ಏರಿಯ ಮೇಲೆ ನಡೆಯಲು ಹೊರಟಾಗ ಅವನು ಎದುರಾದ. ಮೂಗಿನ ಮೇಲೆ ಬಿಳಿ ಪಟ್ಟಿ, ಕೈಯಲ್ಲಿ ಹಳೆಯ ಸೈಕಲ್.

"ನಾನೂ ಇದೇ ಕಡೆ. ಜೊತೆಗೆ ಬರಬಹುದಾ?"

"ಏರಿ ನಮ್ಮಪ್ಪಂದಾ? ಬನ್ನಿ."

ಇಬ್ಬರೂ ನಡೆದರು. ಅವನದು ಕಡಿಮೆ ಮಾತು. ಆದರೆ ಕೇಳುವುದೆಲ್ಲ ವಿಚಿತ್ರ.

"ಊಟ ಮಾಡಿದ್ರಾ?... ರಾತ್ರಿ ನಿದ್ದೆ ಬಂತಾ?"

ಅವಳ ಎದೆ ಒಂದು ಕ್ಷಣ ಮೆತ್ತಗಾಯಿತು. ಹಲ್ಲಿನ ಡಾಕ್ಟರು ಸಂಬಳ ಕೇಳಿದ್ದ, ಹವ್ಯಾಸ ಕೇಳಿದ್ದ. ನಿದ್ದೆ ಬಂತಾ ಎಂದು ಯಾವ ಗಂಡಸೂ ಕೇಳಿರಲಿಲ್ಲ!

ಹಾಗೆ ಶುರುವಾದದ್ದು ದಿನಾ ಸಂಜೆಯ ನಡಿಗೆಯಾಯಿತು. ಅವನು ಬೆವರಿ ಏದುಸಿರು ಬಿಡುತ್ತಾ ಬರುತ್ತಿದ್ದ. "ಲೈಫ್‌ಗಾರ್ಡ್ ಆಗಿ ಇಷ್ಟೇನಾ ದಮ್ಮು?" ಎಂದು ಅವಳು ಕೀಟಲೆ ಮಾಡಿದರೆ ನಕ್ಕು ಸುಮ್ಮನಾಗುತ್ತಿದ್ದ. ಅವಳು ಫೋನಿನಲ್ಲಿ ಬೈಯುವವರ ದನಿ ಅನುಕರಿಸಿ ತೋರಿಸಿದಳು. ನೀರೊಳಗಿನ ಮೌನದ ಬಗ್ಗೆಯೂ ಹೇಳಿದಳು. ಅವನು ಪೂರ್ತಿ ಕೇಳಿದ. ಜೀವನವೆಲ್ಲ ಬೇರೆಯವರ ಮಾತು ಕೇಳಿದವಳಿಗೆ, ತನ್ನ ಮಾತನ್ನು ಒಬ್ಬರು ಹೀಗೆ ಕೇಳಿದರೆ ಏನಾಗಬೇಡ ಹೇಳಿ?

"ನಿಮ್ಮ ಕಥೆ ಹೇಳಿ," ಎಂದಳು ಒಮ್ಮೆ.

"ನಂದೇನಿದೆ? ದಿನವಿಡೀ ನೀರು ನೋಡೋದು, ಅದರಲ್ಲಿರೋರ ತಲೆ ಎಣಿಸೋದು. ಮದುವೆ ಮನೇಲೂ ತಲೆ ಎಣಿಸ್ತೀನಿ. ಸಿನಿಮಾದಲ್ಲಿ ಸಮುದ್ರ ಬಂದ್ರೆ ಬೆವರ್ತೀನಿ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ನಿಂತು ನೋಡಿದ.

"ನೀವು ನಕ್ರೆ ನಂಗೆ ಸಮಾಧಾನ," ಎಂದ.

ಅಷ್ಟೇ! ಅವಳ ಕೆನ್ನೆ ಬಿಸಿಯಾಯಿತು. ಆ ರಾತ್ರಿ ಚಡಪಡಿ ಮಗುವಿನ ಹಾಗೆ ನಿದ್ದೆ ಹೋದಳು.

ಮರುದಿನ ಬೆಳಗ್ಗೆ ತಿಂಡಿಯ ಮೇಜಿನಲ್ಲಿ ಭಾವ ಹರಟೆಗೆ ಕೂತಿದ್ದ. ಮನಸ್ಸಿನಲ್ಲಿ ಕೆಟ್ಟದ್ದಿಲ್ಲ ಪಾಪ, ಬಾಯಿಗೆ ಮಾತ್ರ ಬೀಗವಿಲ್ಲ.

"ಆ ಲೈಫ್‌ಗಾರ್ಡ್ ಒಳ್ಳೆ ಮನುಷ್ಯ ಕಣಮ್ಮ. ಮೊದಲ ದಿನಾನೇ ನನ್ನ ಹುಡ್ಕೊಂಡು ಬಂದಿದ್ದ. 'ನಿಮ್ಮ ನಾದಿನಿ ಏನೋ ಮಾಡ್ಕೊಳ್ಳೋಕೆ ಹೋದ್ರು ಅನ್ಸುತ್ತೆ, ಕಣ್ಣಿಟ್ಟಿರಿ' ಅಂದ. ಅಂಥೋರನ್ನ ನೀರಿನ ಹತ್ರ ಒಂಟಿ ಬಿಡಬಾರ್ದು, ಮಾತಾಡಿಸ್ತಾ ಇರ್ಬೇಕು ಅಂತ ಅವರ ಕೆಲಸದಲ್ಲಿ ನಿಯಮವಂತೆ. 'ಇವಳು ಹುಟ್ಟಿದಾಗಿಂದ ಹೀಗೇ' ಅಂತ ನಾನು ನಕ್ಕೆ..."

ಅವಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

'ಊಟ ಮಾಡಿದ್ರಾ... ನಿದ್ದೆ ಬಂತಾ... ನಕ್ರೆ ಸಮಾಧಾನ...' ಎಲ್ಲ ಡ್ಯೂಟಿ! ಇವಳು ಪ್ರೀತಿ ಅಂದುಕೊಂಡದ್ದು ಬರೀ ಕಾವಲು! ನಾಚಿಕೆಯಿಂದ ಅವಳಿಗೆ ನೆಲ ಬಿರಿಯಬಾರದೇ ಅನ್ನಿಸಿತು.

ಸಂಜೆ ಅವನು ಬಂದಾಗ ಅವಳು ಸೈಕಲ್ಲಿನಿಂದ ಇಳಿಯಲೂ ಇಲ್ಲ.

"ನಾನು ಸಾಯಲ್ಲ ಕಣ್ರೀ. ನಿಮ್ಮ ಡ್ಯೂಟಿ ಮುಗೀತು, ಹೋಗಿ."

ಅವನ ಮುಖ ಬಿಳುಚಿತು. "ಮೊದಲ ದಿನ ಹಾಗೆ ಅಂದ್ಕೊಂಡಿದ್ದು ನಿಜ. ಆದ್ರೆ ಆಮೇಲೆ..."

'ನಿಜ' ಎಂಬುದಷ್ಟೇ ಅವಳ ಕಿವಿಗೆ ಬಿತ್ತು. ಉಳಿದದ್ದು ಕೇಳಲು ಅವಳು ಅಲ್ಲಿರಲಿಲ್ಲ.

ಬಾಡಿಗೆ ಮನೆಗೆ ಬಂದು ಅಕ್ಕನ ಮುಂದೆ ನಿಂತಳು. "ಡಾಕ್ಟರಿಗೆ ಹೂಂ ಅಂತ ಹೇಳ್ಬಿಡು."

ಅಕ್ಕ ಬಟ್ಟೆ ಮಡಿಸುವುದನ್ನು ನಿಲ್ಲಿಸಿದಳು. "ಕಣ್ಣೆಲ್ಲ ಕೆಂಪಗೆ ಮಾಡ್ಕೊಂಡು ಹೇಳೋ ಹೂಂನ ನಾನು ಯಾರಿಗೂ ತಲುಪಿಸಲ್ಲ. ನಾಳೆ ಹೊರಡೋದ್ರೊಳಗೆ ನೀನೇ ಫೋನ್ ಮಾಡು. ಹೂಂ ಆದ್ರೂ ಸರಿ, ಉಹೂಂ ಆದ್ರೂ ಸರಿ."

ಆ ರಾತ್ರಿ ಅವಳು ಕಣ್ಣು ಮುಚ್ಚಲಿಲ್ಲ.

ಬೆಳಗ್ಗೆ ಬಾಡಿಗೆ ಸೈಕಲ್ ಒಪ್ಪಿಸಲು ಹೊರಟವಳ ಕಾಲು, ಅವಳನ್ನು ಕೇಳದೆಯೇ ಕೆರೆಯ ಕಡೆಗೆ ತುಳಿಯಿತು. ಎತ್ತರದ ಕಾವಲು ಕುರ್ಚಿಯಲ್ಲಿ ದಪ್ಪಗಿನ ಹೆಂಗಸೊಬ್ಬಳು ಕೂತಿದ್ದಳು. ಅದೇ ಸಮವಸ್ತ್ರ, ಅದೇ ಸೀಟಿ.

"ಅವರು... ಇವತ್ತು ರಜೆನಾ?"

"ಯಾರು, ಮೂಗು ಪಟ್ಟಿನಾ?" ಹೆಂಗಸು ನೀರಿನಿಂದ ಕಣ್ಣು ತೆಗೆಯದೆ ನಕ್ಕಳು. "ಅವನ ಪಾಳಿ ಇಲ್ಲಿ ಯಾವತ್ತೋ ಮುಗೀತಲ್ಲ! ನಿನ್ನನ್ನ ಎಳ್ಕೊಂಡು ಬಂದ ಮಾರನೇ ದಿನಾನೇ ದೊಡ್ಡ ಕೆರೆಗೆ ಹಾಕಿದ್ರು. ಆ ದಿಬ್ಬದ ಆಚೆ. ಕೆಲಸ ಬಿಟ್ಟ ಮೇಲೆ ಅಷ್ಟು ದೂರದಿಂದ ತುಳ್ಕೊಂಡು ಬರ್ತಾನೆ, ಕತ್ತಲಾದ ಮೇಲೆ ವಾಪಸ್ ಹೋಗ್ತಾನೆ. ಯಾಕಪ್ಪಾ ಅಂದ್ರೆ ಗಾಳಿಗೆ ಅಂತಾನೆ. ಆ ಕೆರೆಯಲ್ಲಿ ಗಾಳಿ ಇಲ್ವಾ?"

ಅವಳು ಆಗಲೇ ದಿಬ್ಬದ ದಾರಿ ಹಿಡಿದಿದ್ದಳು.

ಎದುರುಗಾಳಿ. ಏರು. ಅರ್ಧ ದಾರಿಯಲ್ಲಿ ಚೈನು ಕಳಚಿತು. ಹಾಕಿ ಮುಗಿಸುವಷ್ಟರಲ್ಲಿ ಎರಡು ಕೈಯೂ ಮಸಿಯಾಯಿತು. ಅಲ್ಲೇ ರಸ್ತೆ ಬದಿಯಲ್ಲಿ ನಿಂತು, ಆ ಮಸಿಗೈಯಲ್ಲೇ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದಳು.

"ಕ್ಷಮಿಸಿ. ನಿಮ್ಮಲ್ಲಿ ಒಂದೂ ತಪ್ಪಿಲ್ಲ. ಆದ್ರೂ ನಂಗೆ ಆಗಲ್ಲ."

"ನೇರವಾಗಿ ಹೇಳಿದ್ರಲ್ಲ, ಒಳ್ಳೇದಾಯ್ತು," ಎಂದು ಅವನು ಫೋನ್ ಇಟ್ಟ.

'ದಿಬ್ಬದ ಆಚೆ ಇರೋನು ಒಲ್ಲೆ ಅಂದ್ರೆ?' ಅಂದರೆ ಅನ್ನಲಿ. ಸಿಟ್ಟಿಗೆ ಮದುವೆಯಾಗುವುದಂತೂ ತಪ್ಪಿತು. ಅವಳು ಮತ್ತೆ ತುಳಿದಳು.

ದೊಡ್ಡ ಕೆರೆಯ ದಡದಲ್ಲಿ ಅವನು ಎತ್ತರದ ಕುರ್ಚಿಯಲ್ಲಿದ್ದ. ಅವಳು ಕೆಳಗೆ ಬಂದು ನಿಂತಳು. ಏದುಸಿರು ಬಿಡುತ್ತಿದ್ದಳು.

"ರೀ..."

ಆ ದನಿಗೆ ಅವನ ಭುಜ ಬೆಚ್ಚಿತು. ತಿರುಗಲಿಲ್ಲ.

"ಈ ಕಡೆ ನೋಡ್ರೀ!"

"ಆಗಲ್ಲ. ನೀರಲ್ಲಿ ಒಂದು ಕುಟುಂಬ ಇದೆ."

ಅವಳಿಗೆ ಅಳುವೂ ಬಂತು, ನಗುವೂ ಬಂತು. "ಹಾಗಾದ್ರೆ ಅಲ್ಲೇ ನೋಡ್ಕೊಂಡು ಹೇಳಿ. ನಾನು ನಿಮ್ಗೆ ಡ್ಯೂಟಿನಾ?"

"ಡ್ಯೂಟಿ ಅಂದ್ರೆ ಅಲ್ಲಿ ಈಜ್ತಾ ಇದ್ದಾರಲ್ಲ, ಅವರು." ಅವನು ನೀರಿನ ಕಡೆಗೆ ಬೆರಳು ತೋರಿಸಿದ. "ನೀವು ಮೊದಲ ದಿನ ಡ್ಯೂಟಿ. ಎರಡನೇ ದಿನ ನಿಮ್ಮ ಮಾತು ಕೇಳಿದ ಮೇಲೆ, ತಪ್ಪು ತಿಳ್ಕೊಂಡಿದ್ದೆ, ಇವರು ಚೆನ್ನಾಗಿದ್ದಾರೆ ಅಂತ ಆಫೀಸಿಗೆ ಹೇಳಿದೆ. ಅಲ್ಲಿಗೆ ಕೆಲಸ ಮುಗೀತು."

"ಮತ್ತೆ ಮೂರನೇ ದಿನ ಯಾಕೆ ಬಂದ್ರಿ?"

"ಬರದೇ ಇರೋಕಾಗ್ಲಿಲ್ಲ."

ಗಾಳಿಗೆ ನೀರು ದಡಕ್ಕೆ ಬಂದು ಬಂದು ಬಡಿಯುತ್ತಿತ್ತು.

"ನಿನ್ನೆ ಇದನ್ನ ಹೇಳೋಕೇನಾಗಿತ್ತು?"

"ನೀವು ನಿಂತ್ರಾ?"

ಅವಳು ನಾಲಿಗೆ ಕಚ್ಚಿಕೊಂಡಳು. ಊರವರ ದೂರನ್ನೆಲ್ಲ ಕೊನೆಯವರೆಗೆ ಕೇಳುವವಳು, ಬೇಕಾದವನ ಒಂದು ಮಾತನ್ನು ಪೂರ್ತಿ ಕೇಳಿರಲಿಲ್ಲ.

"ನಂದೇ ತಪ್ಪು," ಎಂದಳು. "ಈಗ ನಿಲ್ತೀನಿ. ಎಷ್ಟು ಹೊತ್ತಾದ್ರೂ ನಿಲ್ತೀನಿ."

ಚಡಪಡಿ ನಿಂತಳು! ಕುರ್ಚಿಯ ಕೆಳಗೆ, ಒಂದು ಹೆಜ್ಜೆ ಅತ್ತಿತ್ತ ಇಡದೆ. ಆ ಕುಟುಂಬವೋ, ನೀರಾಟ ಮುಗಿಸುವ ಲಕ್ಷಣವೇ ಇಲ್ಲ. ಕೊನೆಗೆ ತಾಯಿ ಗದರಿ ಮಕ್ಕಳನ್ನು ಮೇಲೆ ಕರೆದಳು. ಎಲ್ಲರೂ ದಡ ಹತ್ತಿ ಟವೆಲ್ ಸುತ್ತಿಕೊಂಡರು. ಕೆರೆ ಖಾಲಿಯಾಯಿತು.

ಅವನು ಇಳಿದು ಬಂದು ಅವಳ ಎದುರು ನಿಂತ. ಕಣ್ಣು ಒದ್ದೆಯಾಗಿತ್ತು.

"ಈಗ ಹೇಳಿ," ಎಂದಳು.

"ನೀರು ನೋಡ್ಕೊಂಡು ಹೇಳೋದೇ ಸುಲಭ ಇತ್ತು..."

"ಹೇಳ್ರೀ!"

"ಇಷ್ಟ ಕಣ್ರೀ ನೀವಂದ್ರೆ. ತುಂಬ ಇಷ್ಟ. ನನ್ನ ಜೊತೆ ಬಾಳ್ತೀರಾ?"

ಅವಳು ಮಸಿಗೈಯಲ್ಲೇ ಕಣ್ಣೊರೆಸಿಕೊಂಡಳು. ಕೆನ್ನೆಯೆಲ್ಲ ಕಪ್ಪಾಯಿತು.

"ನಂಗೆ ಒಂದು ಕಡೆ ಕೂರೋಕೆ ಬರಲ್ಲ. ದಿನಕ್ಕೊಂದು ಕೆರೆ ಅಂತೀನಿ. ಆಮೇಲೆ ಬೇಜಾರು ಮಾಡ್ಕೋಬಾರ್ದು."

"ನನ್ನ ಪಾಳಿನೂ ಹಾಗೇ ಅಲ್ವಾ? ಜೊತೆಗೇ ಅಲೆಯೋಣ."

ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಅಕ್ಕ.

"ಎಲ್ಲಿ ಹೋದ್ಯೇ? ಬಸ್ಸಿಗೆ ಹೊತ್ತಾಯ್ತು! ಏನಾಯ್ತೇ ನಿನ್ನ ಉತ್ತರ?"

ಅವಳು ಅವನ ಕೈ ಹಿಡಿದುಕೊಂಡಳು. ಅವನ ಕೈಗೂ ಮಸಿ ಹತ್ತಿತು.

"ಹೂಂ ಅಂದೆ ಅಕ್ಕ," ಎಂದಳು. "ಆದ್ರೆ ಡಾಕ್ಟರಿಗಲ್ಲ!"