ಎಂಜಿನ್ನಿನ ಸೀಟಿ ಕದ್ದವರು

ಮಾರ್ಚ್ ಒಂಬತ್ತು, ಸೋಮವಾರ. ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ಹೆಂಗಸು ಕೂರುವ ಮೊದಲು ಕುರ್ಚಿಯ ಧೂಳನ್ನು ಕರವಸ್ತ್ರದಿಂದ ಒರೆಸಿದರು. ದೂರನ್ನು ಮೂರು ಪ್ರತಿ ಮಾಡಿ, ಅಂಚು ಬಿಟ್ಟು, ದುಂಡಗೆ ಬರೆದು ತಂದಿದ್ದರು. ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಈಗ ಹಳೆಯ ರೈಲು ಯಾರ್ಡಿನಲ್ಲಿರುವ ಸಂಗ್ರಹಾಲಯದ ಅಧ್ಯಕ್ಷೆ. ಊರಿಗೆಲ್ಲ ಅವರು ಮೇಡಂ.

ಇನ್ಸ್‌ಪೆಕ್ಟರ್ ದೂರನ್ನು ಎರಡು ಸಲ ಓದಿದರು. ನಲವತ್ತಾರರ ಪ್ರಾಯ. ತುಟಿ ಕಾಣದಷ್ಟು ದಟ್ಟವಾದ ಮೀಸೆ, ಅದರ ಮೇಲೆ ಇಲಾಖೆಯಲ್ಲಿ ಯಾರಿಗೂ ಇಲ್ಲದಷ್ಟು ಅಭಿಮಾನ.

"ಸೀಟಿ ಕಳುವಾಗಿದೆ ಅಂದ್ರೆ?"

"ಎಂಜಿನ್ನಿನ ಸೀಟಿ. ನಿನ್ನೆ ಒಂದೂವರೆಗೆ ಎಲ್ಲರೂ ಊಟಕ್ಕೆ ಹೋದಾಗ ಇತ್ತು, ಎರಡೂಕಾಲಿಗೆ ಬಂದಾಗ ಇರ್ಲಿಲ್ಲ. ಹಿತ್ತಾಳೆದು. ಇಷ್ಟುದ್ದ." ಮೇಡಂ ಬೆರಳ ತುದಿಯಿಂದ ಮೊಣಕೈವರೆಗೆ ತೋರಿಸಿದರು.

"ಬೇರೆ ಏನು ಹೋಗಿದೆ?"

"ಏನೂ ಇಲ್ಲ. ಪಕ್ಕದಲ್ಲೇ ಅದಕ್ಕಿಂತ ದೊಡ್ಡ ಹಿತ್ತಾಳೆ ದೀಪ ಇತ್ತು. ಅದನ್ನ ಮುಟ್ಟಿಲ್ಲ."

"ಮತ್ತೆ ಇಷ್ಟು ಗಾಬರಿ ಯಾಕೆ ಮೇಡಂ?"

ಮೇಡಂ ಪಾಠ ಬಾರದ ಹುಡುಗನನ್ನು ನೋಡುವಂತೆ ಅವರನ್ನು ನೋಡಿದರು. ಇಪ್ಪತ್ತಾರು ವರ್ಷ ನಿಂತಲ್ಲೇ ನಿಂತಿದ್ದ ಆ ಉಗಿ ಎಂಜಿನ್ನು ಬರುವ ಭಾನುವಾರ, ಹದಿನೈದನೇ ತಾರೀಕು, ಯಾರ್ಡಿನ ಹಳಿಯ ಮೇಲೆ ಓಡಬೇಕಿತ್ತು. ಮೂರು ಶಾಲೆಗಳ ಮಕ್ಕಳು ಬರುವವರಿದ್ದರು. ಸೀಟಿ ಇಲ್ಲದ ಎಂಜಿನ್ನು ಒಂದಡಿಯೂ ಕದಲಬಾರದೆಂಬುದು ನಿಯಮ.

ಹನ್ನೊಂದಕ್ಕೆ FIR ದಾಖಲಾಯಿತು. ಅಪರಾಧ ಸಂಖ್ಯೆ ನಲವತ್ತೇಳು.

ಸ್ಥಳ ಪರಿಶೀಲನೆಗೆ ಇನ್ಸ್‌ಪೆಕ್ಟರ್ ಜೊತೆ ದಫೇದಾರ ಮತ್ತು ಒಬ್ಬ ಮಹಿಳಾ ಪೇದೆ ಹೋದರು. ನೇರವಾಗಿ ಎಂಜಿನ್ನಿನ ಹತ್ತಿರ ಹೋಗಲು ಮೇಡಂ ಬಿಡಲಿಲ್ಲ. ಮರದ ಬೆಂಚಿನ ಮೂರನೇ ದರ್ಜೆ ಬೋಗಿ, ಕಾಗದ ವಿಂಗಡಿಸುವ ಗೂಡುಗಳಿದ್ದ ಟಪಾಲು ಬೋಗಿ, ಕೆಂಪು ಹಳದಿ ಹಿಡಿಕೆಗಳ ಸಾಲಿದ್ದ ಸಿಗ್ನಲ್ ಕೋಣೆ, ಎಲ್ಲವನ್ನೂ ತೋರಿಸಿದರು. ಪ್ರತಿ ಬೋಗಿಯ ಬಾಗಿಲಲ್ಲೂ ಬೂಟು ಒರೆಸಿಕೊಳ್ಳಬೇಕಾಯಿತು. ಇಲ್ಲಿ ದುಡಿಯುವವರಿಗೆ ಸಂಬಳವಿಲ್ಲ. ಇಷ್ಟಪಟ್ಟು ಬಂದು ಉಜ್ಜಿ, ಬಣ್ಣ ಬಳಿದು, ಮನೆಗೆ ಹೋಗುವವರು. ಒಟ್ಟು ಒಂಬತ್ತು ಜನ. ಎಲ್ಲರಿಗೂ ಒಂದೇ ಬಗೆಯ ನೀಲಿ ಅಂಗಿ. ದಫೇದಾರ ಟಪಾಲು ಬೋಗಿಯಲ್ಲಿ ತನ್ನ ಊರಿನ ಗೂಡು ಹುಡುಕುತ್ತಾ ಹಿಂದೆ ಉಳಿದ.

ಎಂಜಿನ್ನಿನ ನೆತ್ತಿ ಹತ್ತಿದ ಪೇದೆ ಅಲ್ಲಿಂದಲೇ ಕರೆದಳು. "ಸರ್, ಇದನ್ನ ನೀವೇ ನೋಡಬೇಕು."

ಸೀಟಿ ಇದ್ದ ಜಾಗದ ತೂತಿಗೆ ತೇಗದ ಬಿರಟೆ ಬಡಿದಿತ್ತು. ಅದರ ಸುತ್ತ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಸುತ್ತಿ ಮೂರು ಗಂಟು ಹಾಕಿತ್ತು. ಒಳಕ್ಕೆ ಧೂಳು ಹೋಗದಿರಲೆಂದು ಯಾರೋ ಮಾಡಿದ ಕೆಲಸ. ತಿರುಪಿನ ಹಲ್ಲುಗಳನ್ನೂ ಉಜ್ಜಿ ಶುಚಿ ಮಾಡಿತ್ತು.

ಇನ್ಸ್‌ಪೆಕ್ಟರ್ ತಲೆ ಕೆರೆದುಕೊಂಡರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಬೀಗ ಒಡೆದವರನ್ನು, ಕನ್ನ ಕೊರೆದವರನ್ನು ಕಂಡಿದ್ದರು. ಕದ್ದ ಮೇಲೆ ಗಾಯಕ್ಕೆ ಪಟ್ಟಿ ಕಟ್ಟಿ ಹೋದ ಕಳ್ಳನನ್ನು ಕಂಡಿರಲಿಲ್ಲ.

ಹನ್ನೆರಡು ನಲವತ್ತಕ್ಕೆ ಎಂಜಿನ್ನಿನ ಬುಡದಲ್ಲೇ ವಿಚಾರಣೆ ಶುರುವಾಯಿತು. ಮೊದಲು ಕರೆಸಿದ್ದು ಎಂಜಿನ್ನು ಓಡಿಸಬೇಕಿದ್ದ ಡ್ರೈವರನ್ನು. ಎಪ್ಪತ್ತಮೂರು ವರ್ಷ. ಎಲ್ಲರೂ ಅವರನ್ನು ಕಿವಿಯಜ್ಜ ಎನ್ನುತ್ತಿದ್ದರು. ಎಂಜಿನ್ನಿನ ಹೊಟ್ಟೆಯೊಳಗೆ ಒಂದು ನಟ್ಟು ಸಡಿಲವಾದರೂ ದೂರದಲ್ಲೇ ನಿಂತು ಕೇಳಿ ಯಾವುದೆಂದು ಹೇಳಿಬಿಡುವವರೆಂದು ಹೆಸರು.

"ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?" ಇನ್ಸ್‌ಪೆಕ್ಟರ್ ಕೇಳಿದರು.

"ನಲವತ್ತೊಂದು ವರ್ಷ, ಸಾರ್."

"ಸರ್ವೀಸು ಕೇಳ್ಲಿಲ್ಲ. ಊಟಕ್ಕೆ ಯಾರ ಜೊತೆ ಕೂತಿದ್ರಿ?"

"ಹೌದು, ಹೌದು. ಕಲ್ಲಿದ್ದಲೇ. ಎಣ್ಣೆದಲ್ಲ."

ಇನ್ಸ್‌ಪೆಕ್ಟರ್ ಪೆನ್ನು ನಿಲ್ಲಿಸಿ ಅಜ್ಜನ ಮುಖ ನೋಡಿದರು. ಆ ಮುಖದಲ್ಲಿ ಕುಹಕವಿರಲಿಲ್ಲ. ಅಷ್ಟರಲ್ಲಿ ಪೇದೆ ಅಜ್ಜನ ಎದುರಿಗೆ ಬಂದು ಅದೇ ಪ್ರಶ್ನೆ ಕೇಳಿದಳು. ಅಜ್ಜ ಥಟ್ಟನೆ, "ಟಿಕೆಟ್ ಕೋಣೇಲಿ ಕಣಮ್ಮ, ಮನೆಯವಳ ಜೊತೆ," ಎಂದರು.

ಟಿಕೆಟ್ ಕೊಡುತ್ತಿದ್ದವರು ಅವರ ಹೆಂಡತಿಯೇ. ಸೆರಗಿಗೆ ಕೈ ಒರೆಸುತ್ತಾ ಬಂದವರು ಗಂಡನ ಪಕ್ಕದಲ್ಲಿ ನಿಂತು ಉಳಿದ ಪ್ರಶ್ನೆಗಳಿಗೆಲ್ಲ ತಾವೇ ಉತ್ತರ ಕೊಟ್ಟರು. "ನಮ್ಮನೆಯವರು ನನ್ನ ಕಣ್ಣೆದುರಿಗೇ ಇದ್ರು ಸಾರ್. ಒಂದೂವರೆಯಿಂದ ಎರಡೂಕಾಲಿನ ತನಕ ಒಂದು ಹೆಜ್ಜೆ ಆಚೆ ಇಟ್ಟಿಲ್ಲ."

ಪೇದೆಗೆ ಸರಿಯಾದ ಉತ್ತರ, ತನಗೆ ಮಾತ್ರ ಅಡ್ಡಾದಿಡ್ಡಿ. ಇನ್ಸ್‌ಪೆಕ್ಟರ್ ಡೈರಿಯಲ್ಲಿ ಬರೆದುಕೊಂಡರು: ಡ್ರೈವರ್, ಉದ್ಧಟ. ಸ್ವಲ್ಪ ಯೋಚಿಸಿ ಕೆಳಗೆ ಸೇರಿಸಿದರು: ಅಥವಾ ಬಲು ಚಾಲಾಕಿ.

ಮಂಗಳವಾರ ದಫೇದಾರ ಹನ್ನೊಂದು ಗುಜರಿ ಅಂಗಡಿಗಳನ್ನು ಜಾಲಾಡಿದ. ಸೀಟಿ ಸಿಗಲಿಲ್ಲ, ಹಳೆಯ ಪ್ರಕರಣವೊಂದರ ಎರಡು ನಲ್ಲಿ ಸಿಕ್ಕವು. ಸಂಜೆ ನಾಲ್ಕಕ್ಕೆ, ಭಾನುವಾರ ಸಂಗ್ರಹಾಲಯ ನೋಡಲು ಬಂದಿದ್ದ ದಂಪತಿ ತಮ್ಮ ಮೊಬೈಲು ತಂದು ತೋರಿಸಿದರು. ಒಂದು ಐವತ್ತೆರಡಕ್ಕೆ ಮೇಲ್ಸೇತುವೆಯಿಂದ ತೆಗೆದ ಚಿತ್ರ. ಎಂಜಿನ್ನಿನ ನೆತ್ತಿಯ ಮೇಲೆ ಯಾರದೋ ಬಗ್ಗಿದ ಬೆನ್ನು. ನೀಲಿ ಅಂಗಿ.

"ಸಿಕ್ಕಿಬಿದ್ದ ಸರ್," ಎಂದ ದಫೇದಾರ.

"ಯಾರು?"

ದಫೇದಾರ ಚಿತ್ರವನ್ನು ಹಿಗ್ಗಿಸಿ ನೋಡಿದ. "ಬೆನ್ನು ಸರ್."

ಬುಧವಾರ ಅನುಮಾನ ನೀಲಿ ಅಂಗಿಯವರಲ್ಲೊಬ್ಬನಾದ ಬಡಗಿಯ ಮೇಲೆ ಬಿತ್ತು. ಬಿರಟೆಯ ತೇಗ, ಅವನು ದುರಸ್ತಿ ಮಾಡುತ್ತಿದ್ದ ಬೋಗಿಯ ಬೆಂಚಿನ ತುಂಡೇ ಎಂದು ಅವನೇ ಒಪ್ಪಿಕೊಂಡ. ಭಾನುವಾರ ಬೆಳಗ್ಗೆ, ಓಟವನ್ನು ಮುಂದಕ್ಕೆ ಹಾಕಿ ಎಂದು ಅವನು ಗೋಗರೆದಿದ್ದನ್ನು ಮೇಡಂ ನೆನಪಿಸಿಕೊಂಡರು. ಅವನ ಬಲ ಮೊಣಕೈಗೆ ಪಟ್ಟಿ ಕಟ್ಟಿತ್ತು. ಬೆಳಗ್ಗೆ ಹನ್ನೊಂದೂವರೆಗೆ ಅವನನ್ನು ಠಾಣೆಗೆ ಕರೆತಂದರು.

"ಕೈಗೆ ಏನಾಯ್ತು?"

"ಬಿದ್ದೆ ಸಾರ್."

"ಎಲ್ಲಿ?"

"ಮನೇಲಿ."

"ಮನೇಲಿ ಕಲ್ಲಿದ್ದಲ ಮಸಿ ಇರುತ್ತಾ? ಪಟ್ಟಿ ತುಂಬ ಅದೇ ಇದೆಯಲ್ಲ."

ಬಡಗಿ ಬಾಯಿ ಬಿಡಲು ಮಧ್ಯಾಹ್ನ ಎರಡೂವರೆಯಾಯಿತು. ಶನಿವಾರ, ಏಳನೇ ತಾರೀಕು, ಎಂಜಿನ್ನಿಗೆ ಬೆಂಕಿ ಹಾಕಿ ಯಾರ್ಡಿನೊಳಗೇ ಪರೀಕ್ಷೆಗೆ ಓಡಿಸಿದ್ದರು. ಅವನು ಹಿಂದಿನ ಹಳಿಯ ಮೇಲೆ ಮಂಡಿಯೂರಿ ಬೋಗಿಯ ಕೊಕ್ಕೆಗೆ ಸುತ್ತಿಗೆಯಿಂದ ಬಡಿಯುತ್ತಿದ್ದ. ಬಡಿತದ ಸದ್ದಿನಲ್ಲಿ ಎಂಜಿನ್ನು ಹಿಮ್ಮುಖವಾಗಿ ಬರುತ್ತಿರುವುದು ತಿಳಿದಿದ್ದೇ ತಡವಾಗಿ. ಮೂರು ಸಲ ಕೂಗಿದ. ನಿಲ್ಲಲಿಲ್ಲ. ಪಕ್ಕಕ್ಕೆ ಉರುಳಿಕೊಂಡ.

"ಕೆಲಸ ನಡೀತಿದೆ ಅಂತ ಕೆಂಪು ಬಾವುಟ ಕಟ್ಟಬೇಕಿತ್ತು. ಕಟ್ಟಿರ್ಲಿಲ್ಲ. ತಪ್ಪು ನಂದೇ ಸಾರ್. ಮೇಡಂಗೆ ಗೊತ್ತಾದ್ರೆ ಇನ್ನು ಯಾರ್ಡಿಗೆ ಕಾಲಿಡೋಕೆ ಬಿಡಲ್ಲ. ಅಜ್ಜ ಇಳಿದು ಬಂದ್ರು. ಹಳಿ ಮೇಲೆ ಸುತ್ತಿಗೆ ಹಿಡಿ ನುಚ್ಚುನೂರಾಗಿತ್ತು. ಯಾರಿಗೂ ಹೇಳಬೇಡಿ ಅಜ್ಜ ಅಂತ ಕೈ ಮುಗಿದೆ. ಏನೂ ಅನ್ನಲಿಲ್ಲ. ಸುತ್ತಿಗೇನೇ ನೋಡ್ತಾ ನಿಂತುಬಿಟ್ರು."

"ಎಷ್ಟು ದೂರದಿಂದ ಕೂಗಿದೆ?"

"ಹತ್ತು ಹೆಜ್ಜೆ."

"ಅವರಿಗೆ ಕೇಳಿಸಲಿಲ್ವಾ?"

"ಎಂಜಿನ್ ಸದ್ದಲ್ಲಿ ಕೇಳಿಸಿರಲಿಕ್ಕಿಲ್ಲ."

"ಸೀಟಿ ಎಲ್ಲಿಟ್ಟೆ?"

"ದೇವರಾಣೆ ನಾನು ಮುಟ್ಟಿಲ್ಲ ಸಾರ್."

ಇನ್ಸ್‌ಪೆಕ್ಟರಿಗೆ ದಾರಿ ಕಾಣಲಿಲ್ಲ. ಹೆದರಿದವನಿಗೆ ಓಟ ನಿಲ್ಲಿಸುವ ಕಾರಣವಿತ್ತು, ಬಿರಟೆಯ ಮರವೂ ಅವನದೇ. ಆದರೆ ಆ ಕೈಯಲ್ಲಿ ಆರು ಕಿಲೋ ಭಾರದ ಸೀಟಿಯನ್ನು ತಿರುಚಿ ತೆಗೆಯುವುದಿರಲಿ, ಚಹಾದ ಲೋಟ ಎತ್ತುವುದೂ ಕಷ್ಟವಾಗಿತ್ತು. ಐದು ಗಂಟೆಗೆ, ಮಾರನೆಯ ದಿನ ಬರಬೇಕೆಂದು ಹೇಳಿ ಅವನನ್ನು ಮನೆಗೆ ಕಳುಹಿಸಿದರು.

ಬಡಗಿಯನ್ನು ಠಾಣೆಗೆ ಕರೆದೊಯ್ದ ಸುದ್ದಿ ಯಾರ್ಡಿನಲ್ಲಿ ಹಬ್ಬಿತು. ಗುರುವಾರ ಬೆಳಗ್ಗೆ ಒಂಬತ್ತೂ ಹತ್ತಕ್ಕೆ ಅಜ್ಜ ಮತ್ತು ಅವರ ಹೆಂಡತಿ ಠಾಣೆಯ ಮೆಟ್ಟಿಲು ಹತ್ತಿದರು. ಹೆಂಡತಿಗೆ ಮಂಡಿನೋವು; ನಾಲ್ಕು ಮೆಟ್ಟಿಲಿಗೆ ಎರಡು ಕಡೆ ನಿಂತರು. ಒಳಗೆ ಬಂದವರೇ ಗಂಡನನ್ನು ಹಿಂದೆ ಬಿಟ್ಟು ಇನ್ಸ್‌ಪೆಕ್ಟರ ಮೇಜಿಗೆ ಅಂಟಿಕೊಂಡು ನಿಂತರು.

"ಆ ಬಡಗಿ ಪಾಪದವನು ಸಾರ್, ಬಿಟ್ಟುಬಿಡಿ. ಸೀಟಿ ತೆಗೆದಿದ್ದು ನಾನು."

"ನೀವು?"

"ನಾನೇ."

"ಎಂಜಿನ್ ಹತ್ತಿ?"

"ಹತ್ತಿ."

"ಎಷ್ಟು ಬೋಲ್ಟು ಬಿಚ್ಚಿದ್ರಿ?"

"ನಾಲ್ಕು."

ಸೀಟಿಗೆ ಬೋಲ್ಟೇ ಇರಲಿಲ್ಲ. ಇನ್ಸ್‌ಪೆಕ್ಟರ್ ಕುರ್ಚಿಗೆ ಒರಗಿದರು. ಮೂರು ದಿನದಿಂದ ಕಳ್ಳ ಸಿಗುತ್ತಿರಲಿಲ್ಲ; ಈಗ ಕಳ್ಳರು ಒಬ್ಬರ ಹಿಂದೊಬ್ಬರು ಬರುತ್ತಿದ್ದರು, ಒಬ್ಬರಾದರೂ ಹೊಂದುತ್ತಿರಲಿಲ್ಲ. ಅದಕ್ಕಿಂತ ವಿಚಿತ್ರವಾಗಿ ಕಂಡಿದ್ದು ಗಂಡ. ಹೆಂಡತಿ ಎರಡು ಗಜದ ಅಂತರದಲ್ಲಿ ಕಳ್ಳತನ ಒಪ್ಪಿಕೊಳ್ಳುತ್ತಿದ್ದರೆ ಆತ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನೆಮ್ಮದಿಯಾಗಿ ನಿಂತಿದ್ದರು.

ಬಾಗಿಲ ಬಳಿ ಇದ್ದ ಪೇದೆ ಮೇಜಿನ ಹತ್ತಿರ ಬಂದು ಬಗ್ಗಿದಳು. "ಸರ್, ಸ್ವಲ್ಪ ಹಿಂದಿನಿಂದ ಅವರನ್ನ ಕರೀರಿ."

ಇನ್ಸ್‌ಪೆಕ್ಟರ್ ಎದ್ದು ಹೋಗಿ ಅಜ್ಜನ ಬೆನ್ನ ಹಿಂದೆ ನಿಂತರು. "ಯಜಮಾನ್ರೇ."

ಅಜ್ಜ ತಿರುಗಲಿಲ್ಲ. ಇನ್ನೊಮ್ಮೆ, ಠಾಣೆಯವರೆಲ್ಲ ತಲೆ ಎತ್ತುವಷ್ಟು ಗಟ್ಟಿಯಾಗಿ ಕರೆದರು. ಅಜ್ಜ ಕ್ಯಾಲೆಂಡರನ್ನೇ ನೋಡುತ್ತಿದ್ದರು. ಅವರ ಹೆಂಡತಿ ಮಾತ್ರ ಮೇಜಿನ ಅಂಚು ಹಿಡಿದುಕೊಂಡರು.

"ನಮ್ಮ ಸೋದರತ್ತೆನೂ ಹೀಗೇ ಸರ್," ಎಂದಳು ಪೇದೆ. "ತುಟಿ ನೋಡಿ ಮಾತು ಹಿಡೀತಾರೆ. ನಿಮ್ಮದು... ಮೀಸೆ ಅಡ್ಡ ಬರುತ್ತೆ. ಅದಕ್ಕೇ ಅವತ್ತು ನಿಮಗೆ ಏನೇನೋ ಉತ್ತರ ಬಂದಿದ್ದು."

ಇನ್ಸ್‌ಪೆಕ್ಟರ್ ಅವಳಿಗೆ ಜಾಗ ಬಿಟ್ಟರು. ಪೇದೆ ಅಜ್ಜನ ಮುಖದೆದುರು ನಿಂತು ನಿಧಾನವಾಗಿ ಹೇಳಿದಳು: "ಅಜ್ಜ, ಸೀಟಿ ಕದ್ದಿದ್ದು ತಾನು ಅಂತ ಅಜ್ಜಿ ಹೇಳ್ತಿದ್ದಾರೆ."

ಅಜ್ಜನ ಮುಖದ ನೆಮ್ಮದಿ ಇಳಿದುಹೋಯಿತು. ಹೆಂಡತಿಯ ಕಡೆ ತಿರುಗಿದರು. "ನಾನು ಮಾಡಿದ್ದನ್ನ ಹೇಳ್ತೀನಿ ಅಂತ ಕರ್ಕೊಂಡು ಬಂದೆಯಲ್ಲೇ." ಆಮೇಲೆ ಪೇದೆಗೆ, "ಅವಳಿಗೆ ಸ್ಟೂಲು ಹತ್ತೋಕೂ ಆಗಲ್ಲ ಕಣಮ್ಮ. ತೆಗೆದಿದ್ದು ನಾನು. ಬನ್ನಿ, ತೋರಿಸ್ತೀನಿ," ಎಂದರು.

ಹತ್ತೂ ಮುಕ್ಕಾಲಿಗೆ ಯಾರ್ಡಿನಲ್ಲಿ ಪಂಚನಾಮೆ. ಪಂಚರಾಗಿ ಎದುರಿನ ಸೈಕಲ್ ರಿಪೇರಿಯವನನ್ನೂ ಒಬ್ಬ ದರ್ಜಿಯನ್ನೂ ಕರೆಸಿದರು. ಅಜ್ಜ ಎಂಜಿನ್ನಿನ ಮಗ್ಗುಲಿಗೇ ಜೋಡಿಸಿದ್ದ ಮರಳು ಪೆಟ್ಟಿಗೆಯ ಮುಚ್ಚಳ ತೆಗೆದರು. ಚಕ್ರ ಜಾರದಂತೆ ಹಳಿಯ ಮೇಲೆ ಉದುರಿಸಲು ಮರಳು ತುಂಬಿಡುವ ಪೆಟ್ಟಿಗೆ. ಮೊಣಕೈವರೆಗೆ ಕೈ ಹಾಕಿ, ಬಟ್ಟೆಯಲ್ಲಿ ಸುತ್ತಿದ ಸೀಟಿಯನ್ನು ಎತ್ತಿ ಕೊಟ್ಟರು. ಕಳುವಾದ ವಸ್ತು ಎಂಜಿನ್ನನ್ನು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಇದನ್ನು ಕಳ್ಳತನ ಎನ್ನುವುದೋ, ಹಾನಿ ಎನ್ನುವುದೋ ತಿಳಿಯದೆ ಇನ್ಸ್‌ಪೆಕ್ಟರ್ ಮೇಲಧಿಕಾರಿಗೆ ಎರಡು ಸಲ ಫೋನ್ ಮಾಡಿದರು. ಎರಡು ಸಲವೂ ಬೇರೆ ಬೇರೆ ಉತ್ತರ ಬಂತು.

"ನಾನು ದೂರು ವಾಪಸ್ ತಗೋತೀನಿ," ಎಂದರು ಮೇಡಂ.

"ಆಗಲ್ಲ ಮೇಡಂ. FIR ಆಗಿದೆ. ಇನ್ನು ಕೋರ್ಟು ಹೇಳಬೇಕು."

"ನಾಲ್ಕು ವರ್ಷ ಪಕ್ಕದಲ್ಲೇ ನಿಂತು ಕೆಲಸ ಮಾಡಿದ್ದೀನಿ. ನನಗೆ ಗೊತ್ತೇ ಆಗಲಿಲ್ಲ."

ಸಂಜೆ ನಾಲ್ಕು ನಲವತ್ತಕ್ಕೆ ಠಾಣೆಯಲ್ಲಿ ಅಜ್ಜನ ದಸ್ತಗಿರಿ ದಾಖಲಾಯಿತು. ಬಂಧನದ ವಿಷಯವನ್ನು ಹತ್ತಿರದ ಸಂಬಂಧಿಗೆ ತಿಳಿಸಬೇಕೆಂಬ ನಿಯಮದಂತೆ ಇನ್ಸ್‌ಪೆಕ್ಟರ್ ಅಜ್ಜನ ಹೆಂಡತಿಯ ಕಡೆ ತಿರುಗಿದರು. ಹಾಗೆಯೇ, ಅವರಿಗೆ ಕೇಳಿಸುವುದಿಲ್ಲವೆಂದು ಯಾಕೆ ಮುಚ್ಚಿಟ್ಟಿರಿ ಎಂದೂ ಕೇಳಿದರು.

ಆಕೆ ಗೋಡೆ ಬದಿಯ ಬೆಂಚಿನ ಮೇಲೆ ಕೂತರು. "ನಾಲ್ಕು ವರ್ಷದಿಂದ ಇಬ್ಬರ ಮಾತೂ ನಾನೇ ಆಡ್ತಿದ್ದೀನಿ ಸಾರ್. ಸಾಕಾಗಿದೆ. ಅವರನ್ನೇ ಕೇಳಿ. ಬರೆದು ಕೇಳಿ."

ಇನ್ಸ್‌ಪೆಕ್ಟರ್ ಒಂದು ಹಾಳೆಯ ಮೇಲೆ "ಯಾಕೆ?" ಎಂದು ಬರೆದು ಮೇಜಿನ ಮೇಲೆ ತಳ್ಳಿದರು. ಅಜ್ಜ ಕನ್ನಡಕ ಹಾಕಿಕೊಂಡು ಆ ಒಂದು ಪದವನ್ನು ಬಹಳ ಹೊತ್ತು ನೋಡಿದರು. ಮತ್ತೆ ಪೆನ್ನು ಕೇಳಿ ಪಡೆದರು. ಒಂದು ಗಂಟೆ ತಲೆ ಎತ್ತದೆ ಬರೆದರು. ಮೂರು ಪುಟವಾಯಿತು.

ಕಿವಿ ಮಂದವಾದಾಗಲೇ ಹೇಳಬಹುದಿತ್ತು ಎಂದು ಅದರಲ್ಲಿತ್ತು. ಆದರೆ ಹೇಳಿದ ಮರುದಿನವೇ ಎಂಜಿನ್ನಿನಿಂದ ಇಳಿಸುತ್ತಾರೆ, ಇಳಿಸುವುದೇ ಸರಿ, ಅದು ತನಗೂ ಗೊತ್ತಿತ್ತು. ಶನಿವಾರ ಸುತ್ತಿಗೆ ನೋಡಿದ ಮೇಲೆ ಮನೆಯಲ್ಲಿ ಅನ್ನ ಸೇರಲಿಲ್ಲ. ಮೈ ಸರಿಯಿಲ್ಲವೆಂದು ಮಲಗಿದರೆ ಓಟವನ್ನು ಮುಂದೂಡುತ್ತಾರೆ, ಮತ್ತೆ ತನ್ನನ್ನೇ ಕೂರಿಸುತ್ತಾರೆ. ನಿಜ ಹೇಳಲು ಬಾಯಿ ಬರಲಿಲ್ಲ. ಬ್ರೇಕು ಕೆಡಿಸಿದರೆ ಯಾರಾದರೂ ಸಾಯುತ್ತಾರೆ, ಸೀಟಿ ತೆಗೆದರೆ ಯಾರೂ ಸಾಯುವುದಿಲ್ಲ, ಅದಕ್ಕೇ ಸೀಟಿ. ಹೊರಗೆ ಒಯ್ಯಲು ಮನಸ್ಸಾಗಲಿಲ್ಲ. ಬಿರಟೆಗೆ ಬಡಗಿಯ ಮರ ತೆಗೆದುಕೊಂಡಿದ್ದಕ್ಕೆ ಅವನ ಕ್ಷಮೆ ಕೇಳಿದ್ದರು.

ಕೊನೆಯ ಸಾಲುಗಳನ್ನು ಇನ್ಸ್‌ಪೆಕ್ಟರ್ ಎರಡು ಸಲ ಓದಿದರು. "ಎಂಜಿನ್ನಿಗೆ ಏನಾದರೂ ಆದರೆ ನನಗೆ ಅಂಗಾಲಿನಿಂದ ತಿಳಿಯುತ್ತದೆ. ಅದರ ನಡುಕ ಬದಲಾಗುತ್ತದೆ. ಹಾಗಾಗಿ ಕಿವಿ ಹೋದರೂ ನಡೆಯುತ್ತದೆ ಅಂದುಕೊಂಡಿದ್ದೆ. ಮನುಷ್ಯನ ಕೂಗು ಅಂಗಾಲಿಗೆ ಬರುವುದಿಲ್ಲ."

ಹೇಳಿಕೆಯನ್ನು ಕಡತಕ್ಕೆ ಲಗತ್ತಿಸಿದರು. ಆರೂ ಹತ್ತಕ್ಕೆ ಠಾಣಾ ಜಾಮೀನಿನ ಮೇಲೆ ಅಜ್ಜನನ್ನು ಬಿಡಲಾಯಿತು. ಅವರ ಹೆಂಡತಿ ಬೆಂಚಿನ ಮೇಲೆ ಕೂತಲ್ಲೇ, ಗೋಡೆಗೆ ತಲೆ ಆನಿಸಿ ನಿದ್ದೆ ಹೋಗಿದ್ದರು. ಕರೆಯಲು ಹೊರಟ ಪೇದೆಯನ್ನು ಅಜ್ಜ ಕೈ ಸನ್ನೆಯಿಂದ ತಡೆದರು. ಪಕ್ಕದಲ್ಲಿ ಕೂತು, ಆಕೆ ತಾನಾಗಿ ಏಳುವವರೆಗೆ ಕಾದರು.