ಅವಿವಾಹಿತ ಎಂಬ ಪದದ ಕಾವಲುಗಾರ್ತಿ

ಖ್ಯಾತ ನಟನ ಪುಟದಲ್ಲಿ ‘ಅವಿವಾಹಿತ’ ಎಂಬ ಪದವನ್ನು ಯಾರೋ ಅಳಿಸಿದ್ದರು. ಆ ಜಾಗದಲ್ಲಿ ಹೊಸ ಸಾಲು: ‘ಮದುವೆಯಾಗಿದೆ. ಹೆಂಡತಿ ಮುನಿಸಿಕೊಂಡಿದ್ದಾಳೆ.’

ಪರದೆಯ ಮುಂದೆ ಕೂತಿದ್ದವಳು ಆ ಸಾಲನ್ನು ಮತ್ತೊಮ್ಮೆ ಓದಿದಳು.

ಆ ಹೆಂಡತಿ ಅವಳೇ.

ಅಂತರ್ಜಾಲದ ವಿಶ್ವಕೋಶದಲ್ಲಿ ಸತ್ಯಾಂಶ ಪರಿಶೀಲಿಸುವುದು ಅವಳ ಕೆಲಸ. ಗಂಡನ ಪುಟವೂ ಅವಳ ಪಾಲಿಗೇ ಬಂದಿತ್ತು. ‘ಮದುವೆ ಸುದ್ದಿ ಹೊರಬಿದ್ದರೆ ಅಭಿಮಾನಿಗಳು ಕೈಬಿಡ್ತಾರೆ ಮೇಡಂ’ ಎಂದು ಅವನ ಮ್ಯಾನೇಜರ್ ಗೋಗರೆದಿದ್ದ. ಮದುವೆಗೆ ಮುಂಚಿನ ಹಳೆಯ ಸಂದರ್ಶನವನ್ನೇ ಆಧಾರವೆಂದು ತೋರಿಸಿ, ‘ಅವಿವಾಹಿತ’ ಎಂಬುದನ್ನು ಅವಳೇ ಉಳಿಸಿಕೊಂಡು ಬಂದಿದ್ದಳು. ಊರಿಗೆಲ್ಲ ಆಧಾರ ಕೇಳುವವಳು ತನ್ನ ಬದುಕಿನ ಸುಳ್ಳಿಗೆ ತಾನೇ ಕಾವಲು ಕೂತಿದ್ದಳು. ಒಬ್ಬ ಹೆಂಗಸನ್ನು ಅಳಿಸಲು ಕತ್ತಿ ಬೇಕಿಲ್ಲ, ಒಂದು ಪದ ಸಾಕು.

ಆದರೆ ಮೊನ್ನೆ ಪ್ರಶಸ್ತಿ ಸಮಾರಂಭದಲ್ಲಿ ಅವನು ‘ಇವರು ನಮ್ಮ ಆಫೀಸಿನವರು’ ಎಂದು ಅವಳನ್ನು ಪರಿಚಯಿಸಿದಾಗ ಎದೆ ಒಡೆಯಿತು. ಅಂದೇ ಅಕ್ಕನ ಮನೆಗೆ ಬಂದುಬಿಟ್ಟಿದ್ದಳು.

ಈಗ ಗುಟ್ಟು ತಿಳಿದವರು ಯಾರು…?

ಸಾಲು ಅಳಿಸಿ, ‘ಆಧಾರ ಕೊಡಿ. ನೀವು ಯಾರು?’ ಎಂದು ಆ ಪುಟದ ಚರ್ಚಾ ಅಂಕಣದಲ್ಲಿ ಬರೆದಳು.

ಉತ್ತರ ತಕ್ಷಣ ಬಂತು. ‘ನಾನೇ ಆ ನಟ.’

‘ಎಲ್ಲರೂ ಹಾಗೇ ಹೇಳ್ತಾರೆ.’

‘ನಿದ್ದೆಯಲ್ಲೂ ಆಧಾರ ಎಲ್ಲಿ ಅಂತ ಗೊಣಗ್ತೀಯಲ್ಲ, ಅದನ್ನ ಕೇಳಿಸಿಕೊಂಡವನು.’



ಅಷ್ಟರಲ್ಲಿ ಅಕ್ಕ ಒಳಗೆ ಬಂದಳು. “ನಿನ್ನ ಯಜಮಾನರು ಹೊರಗೆ ಮೆಟ್ಟಿಲ ಮೇಲೆ ಕೂತು ಮೊಬೈಲ್ ಒತ್ತುತ್ತಿದ್ದಾರೆ. ಒಳಗೆ ಬನ್ನಿ ಮಹಾರಾಯ್ರೇ ಅಂದ್ರೆ, ಅವಳು ಕರೀಲಿ ಅಂತಾರೆ.”

ಅವಳು ಬಿರುಸಾಗಿ ಹೊರಬಂದಳು.

“ನಿಮ್ಮ ಬಗ್ಗೆ ನೀವೇ ಬರೆಯೋ ಹಾಗಿಲ್ಲ. ಸ್ವಂತದವರೂ ಬರೆಯೋ ಹಾಗಿಲ್ಲ. ಅದು ನಿಯಮ.”

“ನನಗೆ ಮದುವೆಯಾಗಿದೆ ಅಂತ ನನಗೇ ಗೊತ್ತಿರಲ್ವಾ?”

“ಗೊತ್ತಿದ್ದವರು ಆಫೀಸಿನವರು ಅಂದಿದ್ದು ಯಾಕೆ? ನಾನು ಅಂದ್ರೆ ನಾಚಿಕೆನಾ?”

ಅವನು ಮೆಲ್ಲಗೆ ಎದ್ದು ನಿಂತ.

“ಆ ಪದ ಯಾರೇ ತೆಗೆದ್ರೂ ನೀನೇ ವಾಪಸ್ ಹಾಕ್ತಿದ್ದೆ. ಪುಟದ ತಿದ್ದುಪಡಿ ಇತಿಹಾಸದಲ್ಲಿ ನಿನ್ನ ಗುರುತು ನೋಡ್ತಿದ್ದೆ. ನನ್ನ ಹೆಂಡತಿ ಅನ್ನಿಸಿಕೊಳ್ಳೋದು ನಿನಗೇ ಇಷ್ಟ ಇಲ್ಲ ಅಂದುಕೊಂಡೆ…”

ಅವನಿಗಾಗಿ ತಾನು ಕಾಪಾಡಿದ ಸುಳ್ಳು… ಅವನಿಗೇ ಹೀಗೆ ಕಂಡಿತೇ?

“ಮ್ಯಾನೇಜರ್ ಹೇಳಿದ್ರು ಅಂತ…” ಎಂದಳು.

“ಹಾಗೆ ಕೇಳು ಅಂತ ಅವನಿಗೆ ನಾನು ಹೇಳಿಯೇ ಇರಲಿಲ್ಲ.”

ಅವನು ಪತ್ರಕರ್ತರೊಬ್ಬರಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದ. “ಬರ್ಕೊಳ್ಳಿ ಸಾರ್, ನನಗೆ ಮದುವೆಯಾಗಿದೆ.”

“ನೀವು ಸಿನಿಮಾ ಪ್ರಚಾರಕ್ಕೆ ಏನು ಬೇಕಾದ್ರೂ ಹೇಳ್ತೀರಿ. ಖಾತ್ರಿ ಮಾಡೋರು ಯಾರಾದ್ರೂ ಇದ್ದಾರಾ?”

ಅವನು ಮೊಬೈಲ್ ಅವಳ ಮುಂದೆ ಹಿಡಿದ. ಬಲವಂತ ಮಾಡಲಿಲ್ಲ.

ಬಾಗಿಲಲ್ಲಿ ನಿಂತ ಅಕ್ಕ ಸೆರಗು ಕಚ್ಚಿಕೊಂಡಳು.

“ಇದ್ದೀನಿ. ನಾನು ಅವರ ಹೆಂಡತಿ. ಬರ್ಕೊಳ್ಳಿ” ಎಂದಳು ಅವಳು, ಮೊಬೈಲ್ ಕಡೆ ಬಾಗಿ. ದನಿ ಬೀದಿಗೂ ಕೇಳಿಸುವಂತಿತ್ತು.

ಫೋನ್ ಇಟ್ಟ ಮೇಲೆ ಅವನು ಕೇಳಿದ. “ನಾಳೆ ಪತ್ರಿಕೇಲಿ ಬರುತ್ತೆ. ಆಮೇಲಾದ್ರೂ ಪುಟ ಸರಿ ಮಾಡ್ತೀಯಾ?”

“ಇನ್ಯಾರಾದ್ರೂ ಮಾಡ್ತಾರೆ. ನಾನು ಸ್ವಂತದವಳು.”

“ಇನ್ನೊಂದು ಸಲ ಹೇಳು.”

“ಒಳಗೆ ಬನ್ನಿ, ಹೇಳ್ತೀನಿ.”