ಮೊಳೆ ಹೊಡೆದ ಕಿಟಕಿ

1896ರ ಮಾರ್ಚ್ 11, ಬೆಳಿಗ್ಗೆ ಎಂಟೂವರೆ. ಬೋಡಿನಾಯಕನೂರು ಠಾಣೆಗೆ ಏಲಕ್ಕಿ ಮಂಡಿಯ ಕಾರ್ಯಸ್ಥ ರಾಮಸಾಮಿ ದೂರು ತಂದ. ಕೂಲಿಯಾಳು ಪೊನ್ನಮ್ಮಾಳ್ ಹಿಂದಿನ ದಿನ ಮಧ್ಯಾಹ್ನ ಹಾರೆಯಿಂದ ಗೋದಾಮಿನ ಕಿಟಕಿ ಒಡೆದು ಸರಕು ಕೆಡಿಸಿದಳೆಂದು ಆರೋಪ. ಇನ್ಸ್‌ಪೆಕ್ಟರ್ ಗುರುಸಾಮಿ ಎಫ್‌ಐಆರ್ ಬರೆದು ಮುಗಿಸುತ್ತ ಕೇಳಿದರು:

"ಯಾಕೆ ಒಡೆದಳು?"

"ಅವಳ ಗಂಡ ಅಳಗರ್ ಒಳಗೆ ಸತ್ತ ಸಾಮಿ. ಎದೆನೋವು. ಹೆಣ ಎತ್ತೋಕೂ ಬಿಡ್ತಿಲ್ಲ ಅವಳು."

ಗುರುಸಾಮಿ ಬರೆಯುವುದನ್ನು ನಿಲ್ಲಿಸಿದರು. ಒಂದು ಸಾವನ್ನು ಈ ಮನುಷ್ಯ ಕಿಟಕಿಯ ನಂತರ ಹೇಳಿದ್ದ.

ಪೊನ್ನಮ್ಮಾಳ್ ಗೋದಾಮಿನ ಜಗಲಿಯಲ್ಲಿ, ಗಂಡನ ಹೆಣದ ಪಕ್ಕ, ಹಾರೆ ಹಿಡಿದು ಕೂತಿದ್ದಳು.

"ಒಡೆದದ್ದು ನೀನಾ?"

"ನಾನೇ ಸಾಮಿ. ಇನ್ನೊಂದು ಕಿಟಕಿಯಿದೆ, ಅದನ್ನೂ ಒಡೀತಿದ್ದೆ. ಅಷ್ಟ್ರಲ್ಲಿ ಹಿಡ್ಕೊಂಡ್ರು. ಡಾಕ್ಟರು ನೋಡಿ ಬರೀಲಿ, ಆಮೇಲೇ ಸುಡೋದು."

ಹತ್ತು ಗಂಟೆಗೆ ಮಹಜರು. ಗೆದ್ದಲು ಹತ್ತದಿರಲೆಂದು ಹಲಗೆಯ ನೆಲಕ್ಕೆ ಅಳಗರ್‌ನಿಂದ ಡಾಂಬರು ಬಳಿಸುತ್ತಿದ್ದರು. ಅರ್ಧ ನೆಲ ಕಪ್ಪಾಗಿತ್ತು. ಡಾಂಬರು ಕಾಯಿಸಿದ ಕೆಂಡದ ಒಲೆ ಕೋಣೆಯೊಳಗೇ ಇತ್ತು. ಒಳಗೆ ಕಾಲಿಟ್ಟ ಕಾನ್‌ಸ್ಟೇಬಲ್ ಪಾಂಡಿ ಕೆಮ್ಮುತ್ತ ಹೊರಗೋಡಿದ. ಒಡೆದ ಕಿಟಕಿಗೂ ಉಳಿದ ಕಿಟಕಿಗೂ ಅಂಗಳದ ಕಡೆಯಿಂದ ಹೊಸ ಮೊಳೆ ಹೊಡೆದಿತ್ತು. ಬಾಗಿಲ ಬೀಗದ ಕೈ ರಾಮಸಾಮಿಯ ಸೊಂಟದಲ್ಲಿತ್ತು.

ಗುರುಸಾಮಿ ಮಂಡಿಯ ಬಡಗಿ ಲಕ್ಷ್ಮಣನ್‌ನನ್ನು ಕರೆಸಿದರು.

"ಮೊಳೆ ಯಾರು ಹೊಡೆದದ್ದು?"

"ನಾನು ಸಾಮಿ. ಕಾರ್ಯಸ್ಥರು ಹೇಳಿದ್ರು. ಅಳಗರ್ ಬ್ಯಾಡ ಅಂದ, ಗಾಳಿ ಬೇಕು ಅಂದ."

ಮರುದಿನ, ಹೆಣ ಪರೀಕ್ಷಿಸಿದ ಪೆರಿಯಕುಳಂ ಡಾಕ್ಟರರ ವರದಿ ಬಂತು: ಎದೆಯಲ್ಲಿ ರೋಗವಿಲ್ಲ, ವಿಷಹೊಗೆಗೆ ಉಸಿರು ಕಟ್ಟಿ ಸಾವು.

"ದೊಡ್ಡೋರಿಂದ ಹೇಳಿಸ್ತೀನಿ," ಎಂದ ರಾಮಸಾಮಿ.

"ಹೇಳಿಸು. ಅವರ ಹೇಳಿಕೆಯನ್ನೂ ಬರ್ಕೊಳ್ತೀನಿ."

ಸಂಜೆ ಐದಕ್ಕೆ, ನಿರ್ಲಕ್ಷ್ಯದಿಂದ ಸಾವು ತಂದ ತಪ್ಪಿಗೆ 304ಎ ಕಲಮಿನಡಿ, ರಾಮಸಾಮಿಯ ಬಂಧನವಾಯಿತು. ಜೀವ ಉಳಿಸಲು ಕಿಟಕಿ ಒಡೆಯುವುದು ಅಪರಾಧವಲ್ಲವೆಂದು ಬರೆದು ಗುರುಸಾಮಿ ಅವನ ದೂರನ್ನು ಮುಚ್ಚಿದರು. ಪೊನ್ನಮ್ಮಾಳ್ ಆ ಸಾಲನ್ನು ಎರಡು ಸಲ ಓದಿಸಿ ಕೇಳಿದಳು.

ಠಾಣೆಯಲ್ಲಿ ರಾಮಸಾಮಿ ತಲೆ ಎತ್ತದೆ ಹೇಳಿದ: "ಅಂಗಳದಲ್ಲಿ ಏಲಕ್ಕಿ ಹರವಿತ್ತು. ಅದಕ್ಕೆ ಡಾಂಬರಿನ ವಾಸನೆ ಹತ್ತಿದ್ರೆ ಯಜಮಾನ್ರು ನನ್ನ ಅಟ್ಟಿಬಿಡ್ತಿದ್ರು. ಅವನು ಬಾಗಿಲು ಬಡಿದದ್ದು ಕೇಳಿಸ್ತು ಸಾಮಿ. ಏಲಕ್ಕಿ ಬಾಚೋ ತನಕ ತಡಿ ಅಂದೆ."